ಕೋಳಿ ಕಾಲೂರಿದ ದಿನ

ಕೇಪ್ ಕೋಸ್ಟ್
೨೨ ಅಕ್ಟೋಬರ್ ೨೦೧೭

ಅಪ್ಪನಿಗೆ,

ನಿದ್ದೆ ಆಯಿತಾ? ಮನೆಯಲ್ಲಿದ್ದಿದ್ದರೆ ಬೆಳಿಗ್ಗೆ ನಿಮ್ಮೆದುರು ಮಂಡಿಯೂರಿ ಇದನ್ನೇ ಕೇಳುತ್ತಿದ್ದೆ. ನೀವು ತಲೆ ಎತ್ತದೆ ‘ನಾ’ ಅನ್ನುತ್ತಿದ್ದಿರಿ. ಆ ಒಂದಕ್ಷರದಲ್ಲೇ ಎಲ್ಲ ಸರಿಯಾಗಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಕಾಗದದಲ್ಲಿ ಅದು ಕೇಳಿಸುವುದಿಲ್ಲ. ಅದಕ್ಕೇ, ಎರಡು ಸಾಲಾದರೂ ಸರಿ, ಬರೆಯಿರಿ.

ಜೆನಾಬು ಅತ್ತೆ ಫೋನ್ ಮಾಡಿದಾಗ ನಾನು ಹಾಸ್ಟೆಲ್ ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. "ನಿಮ್ಮಪ್ಪನ ಲಾರಿ ಮಗುಚಿಕೊಂಡಿದೆ, ಜೀವ ಇದೆ" ಅಂದರು. ಮುಂದೆ ಹೇಳಿದ್ದು ಯಾವುದೂ ತಲೆಗೆ ಹೋಗಲಿಲ್ಲ. ಉಣ್ಣದೇ ತಟ್ಟೆ ತೊಳೆದಿಟ್ಟು, ಆಮೇಲೆ ನಾನೇ ಮತ್ತೆ ಫೋನ್ ಮಾಡಿ ಒಂದೊಂದಾಗಿ ಕೇಳಿದೆ. ಕಿಂಟಾಂಪೊ ಹತ್ತಿರದ ತಿರುವು. ಲಾರಿ ತುಂಬ ಹೆಗ್ಗೆಣಸು. ಎಡಗಾಲು, ಮೊಣಕಾಲಿನ ಕೆಳಗೆ, ಎರಡು ಮೂಳೆಯೂ. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು, ನಾಲ್ಕನೆಯ ದಿನ ನೀವೇ ಸಹಿ ಹಾಕಿ ಹೊರಬಿದ್ದು, ಗುಮಯಿಲಿಗೆ ಹೋಗಿ ಮೂಳೆ ಕಟ್ಟುವ ನಾಪಾರಿ ಅಜ್ಜನ ಅಂಗಳದಲ್ಲಿ ಮಲಗಿದ್ದೀರಂತೆ. ಯಾಕೆ ಅಪ್ಪ? ಆಸ್ಪತ್ರೆಯಲ್ಲಿ ನೋವಿಗಾದರೂ ಏನೋ ಕೊಡುತ್ತಿದ್ದರಲ್ಲ. ನಾನು ನರ್ಸಿಂಗ್ ಸೇರಿ ಎರಡು ತಿಂಗಳಾಗಿಲ್ಲ, ಹಾಸಿಗೆಯ ಮೂಲೆ ಮಡಚುವುದು, ನಾಡಿ ಎಣಿಸುವುದು ಬಿಟ್ಟರೆ ಏನೂ ಬರುವುದಿಲ್ಲ. ಆದರೂ ಕೇಳುತ್ತಿದ್ದೇನೆ.

ಅಂಗಳದೊಳಗೆ ಫೋನ್ ಬಿಡುವುದಿಲ್ಲವಂತೆ. ಬಾವಾ ಚಿಕ್ಕಪ್ಪ ಅವರ ಲಾರಿಯಲ್ಲಿ ವಾರಕ್ಕೊಮ್ಮೆ ಇಲ್ಲಿಗೆ ಹತ್ತಿರದ ಮಂಕೆಸ್ಸಿಮ್ ಸಂತೆಗೆ ಗೆಣಸು ತರುತ್ತಾರೆ, ಕಾಗದ ಅವರ ಕೈಯಲ್ಲಿ ಹೋಗಿ ಬರಲಿ. ನಾನು ಆರು ವರ್ಷದವಳಿದ್ದಾಗಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಮನೆಯ ಕೆಟ್ಟ ಸುದ್ದಿ ನನಗೆ ಯಾವಾಗಲೂ ವಾರ ಕಳೆದು ಬಂದಿದೆ. ಅಮ್ಮ ಹೋದದ್ದೂ ಹಾಗೆಯೇ. ಈ ಸಲ ಹಾಗೆ ಮಾಡಬೇಡಿ.

ನಿಮ್ಮ ಮಗಳು,
ಸನಾಟು


ಗುಮಯಿಲಿ
೨೯ ಅಕ್ಟೋಬರ್

ಮಗಳೇ ಸನಾಟು,

ನಾ. ಕೇಳಿಸಿತಾ?

ನಿನ್ನ ಕಾಗದವನ್ನು ಬಾವಾ ತಲೆಯ ಟೋಪಿಯೊಳಗೆ ಇಟ್ಟುಕೊಂಡು ತಂದ. ಬೆವರಿನಲ್ಲಿ ಎರಡು ಸಾಲು ಅಳಿಸಿವೆ, ಅಲ್ಲಿ ನೀನು ಬೈದಿರಬೇಕು ಎಂದು ಊಹಿಸಿಕೊಂಡಿದ್ದೇನೆ.

ಕಾಲು ಕಟ್ಟಿದ್ದಾಯಿತು. ನಾಲ್ಕು ಜನ ಹಿಡಿದರು. ಅಜ್ಜ ಮೂಳೆಯನ್ನು ಬೆರಳಿನಲ್ಲೇ ಓದುತ್ತಾನೆ, ಎಳೆದು ಕೂಡಿಸುವಾಗ ಊರಿನ ಮದುವೆಯ ಸುದ್ದಿ ಮಾತಾಡುತ್ತಿರುತ್ತಾನೆ. ನನ್ನದು ಮುಗಿದ ಮೇಲೆ, ಜೆನಾಬು ತಂದುಕೊಟ್ಟಿದ್ದ ಕೆಂಚು ಹೇಂಟೆಯನ್ನು ತೊಡೆಯ ಮೇಲೆ ಮಲಗಿಸಿ ಅದರ ಎಡಗಾಲನ್ನು ಸರಿಯಾಗಿ ಅದೇ ಜಾಗದಲ್ಲಿ ಲಟಕ್ಕನೆ ಮುರಿದ. ಇಬ್ಬರಿಗೂ ಅದೇ ಜೋಳದ ದಂಟಿನ ದಬ್ಬೆ, ಅದೇ ಶಿಯಾ ಬೀಜದ ಎಣ್ಣೆ. "ಇದು ನಡೆದ ದಿನ ನೀನೂ ನಡೀತೀಯ. ಅದಕ್ಕಿಂತ ಮುಂಚೆ ಕಾಲೂರಿದ್ರೆ ನನ್ನ ಹತ್ರ ಮತ್ತೆ ಬರಬೇಡ" ಅಂದ. ಈಗ ಆ ಕೋಳಿಯನ್ನು ನನ್ನ ಮಂಚದ ಕಾಲಿಗೆ ಕಟ್ಟಿದ್ದಾರೆ. ಅಂಗಳದಲ್ಲಿ ಹನ್ನೊಂದು ಜನ ಮಲಗಿದ್ದೇವೆ, ಹನ್ನೊಂದು ಕುಂಟ ಕೋಳಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಪ್ರತಿಯೊಬ್ಬನೂ ಮೊದಲು ತನ್ನ ಕೋಳಿಯನ್ನು ನೋಡುತ್ತಾನೆ. ನಲವತ್ತು ದಿನಕ್ಕೆ ಮುಂಚೆ ಯಾವ ಕೋಳಿಯೂ ನಡೆದದ್ದಿಲ್ಲವಂತೆ.

ಆಸ್ಪತ್ರೆಯ ಊಟ ಸೇರಲಿಲ್ಲ, ಬಂದೆ.

ಇಲ್ಲಿ ಬಂದ ಮೇಲೆ ಮಲೇರಿಯಾ ಹಿಡಿದಿದೆ. ಬೆವರು, ಮೂಗು ಸೋರುತ್ತದೆ, ಹೊಟ್ಟೆ ನಿಲ್ಲುತ್ತಿಲ್ಲ, ಚರ್ಮದ ಒಳಗೆ ಇರುವೆ ಹರಿದ ಹಾಗೆ. ಒಂದೇ ಸಮನೆ ಆಕಳಿಕೆ, ಆದರೆ ನಿದ್ದೆ ಇಲ್ಲ. ಅಕ್ಷರ ಸೊಟ್ಟಗಾಗಿರುವುದು ಅದಕ್ಕೇ. ಹೋಗುತ್ತದೆ, ಹೆದರಬೇಡ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಇಮೋರು


ಕೇಪ್ ಕೋಸ್ಟ್
೪ ನವೆಂಬರ್

ಅಪ್ಪನಿಗೆ,

ಅದು ಮಲೇರಿಯಾ ಅಲ್ಲ.

ಈ ಸಾಲು ಬರೆದು ಹಾಳೆಯ ಮೇಲೆ ಕೈ ಮುಚ್ಚಿಕೊಂಡೆ. ನನ್ನ ರೂಂಮೇಟ್ ಆರಬಾ "ಏನೇ, ಲವ್ ಲೆಟರಾ?" ಎಂದು ಕೇಳಿದಳು. ಹೂಂ ಅಂದೆ.

ಸೀನಿಯರ್ ಒಬ್ಬಳ ಔಷಧಶಾಸ್ತ್ರದ ಪುಸ್ತಕ ತಂದು ಓದಿದೆ. ನಮಗೆ ಆ ಪಾಠ ಮುಂದಿನ ವರ್ಷ. ನೀವು ಬರೆದದ್ದೆಲ್ಲ ಅಲ್ಲಿ ಅದೇ ಸಾಲಿನಲ್ಲಿದೆ. ಬೆವರು, ಮೂಗು, ಹೊಟ್ಟೆ, ಇರುವೆ. ಆಕಳಿಕೆ ಕೂಡ. ಆಕಳಿಕೆ ಓದಿದಾಗ ಪುಸ್ತಕ ಮುಚ್ಚಿಬಿಟ್ಟೆ.

ನಿಮಗೆ ನೆನಪಿದೆಯಾ, ರಜೆಗೆ ಮನೆಗೆ ಬಂದಾಗ ನನ್ನನ್ನು ಲಾರಿ ಸ್ಟ್ಯಾಂಡಿನ ಔಷಧಿ ಅಂಗಡಿಗೆ ಕಳಿಸುತ್ತಿದ್ದಿರಿ. ‘ಅಪ್ಪನ ಬೆನ್ನು ಮಾತ್ರೆ, ಕೆಂಪನೆಯದು, ಒಂದು ಶೀಟು.’ ನನಗೆ ಹನ್ನೆರಡು ವರ್ಷ. ಅಂಗಡಿಯವಳು "ಬಂದ್ಳು ನೋಡು ಡ್ರೈವರ್ ಮಗಳು" ಅನ್ನುತ್ತಾ, ನಾನು ಕೇಳುವ ಮೊದಲೇ ತೆಗೆದು ಇಡುತ್ತಿದ್ದಳು. ನನಗೆ ಹೆಮ್ಮೆ ಆಗುತ್ತಿತ್ತು. ಹಾಸ್ಟೆಲಿನಲ್ಲಿ ಯಾರಿಗೂ ನಾನು ಬೇಕಾಗಿರಲಿಲ್ಲ, ಮನೆಯಲ್ಲಿ ಈ ಒಂದು ಕೆಲಸಕ್ಕೆ ನೀವು ನನ್ನನ್ನೇ ಕರೆಯುತ್ತಿದ್ದಿರಿ. ಆ ಕೆಂಪು ಗುಳಿಗೆಯ ಹೆಸರು ಈಗ ಪುಸ್ತಕದಲ್ಲಿ ಓದಿದೆ. ಟ್ರಮಡಾಲ್. ಅಭ್ಯಾಸವಾದರೆ ಬಿಡದ ನೋವುಮದ್ದು.

ಎಷ್ಟು ವರ್ಷದಿಂದ?

ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಫಿಟ್ಸ್ ಬರಬಹುದು ಎಂದು ನಮಗೆ ಪಾಠ ಹೇಳುವ ಮೇಡಂ ಹೇಳಿದರು. ನಾನು ‘ನಮ್ಮ ಊರಿನ ಒಬ್ಬರು’ ಎಂದು ಕೇಳಿದೆ. ಅವರು, ಆ ಒಬ್ಬರನ್ನು ಆಸ್ಪತ್ರೆಗೆ ಹೋಗಲು ಹೇಳು, ಬೈಯುವುದಿಲ್ಲ ಎಂದು ಹೇಳು ಅಂದರು. ಹೋಗಿ ಅಪ್ಪ. ಸದ್ಯಕ್ಕೆ ಕ್ಲಿನಿಕ್ಕಿನಿಂದ ಪ್ಯಾರಾಸಿಟಮಾಲ್ ಕಳಿಸುತ್ತಿದ್ದೇನೆ. ಅದು ಏನೂ ಸಾಲದು ಎಂದು ಗೊತ್ತು.

ನನಗೆ ನಿಮ್ಮ ಮೇಲೆ ಕೋಪ ಇಲ್ಲ. ಇದೆ. ಗೊತ್ತಿಲ್ಲ.

ಸನಾಟು


ಗುಮಯಿಲಿ
೧೧ ನವೆಂಬರ್

ಮಗಳೇ,

ಎರಡು ದಿನದಿಂದ ಈ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೇನೆ.

ಹನ್ನೊಂದು ವರ್ಷ. ಮೊದಲು ನಿಜಕ್ಕೂ ಬೆನ್ನಿಗೇ. ಗೆಣಸಿನ ಗುಡ್ಡ ಹೊತ್ತ ಬೆನ್ನು, ರಾತ್ರಿಯೆಲ್ಲ ಸ್ಟಿಯರಿಂಗ್ ಹಿಂದೆ ಕೂತ ಬೆನ್ನು. ಒಂದು ನುಂಗಿದರೆ ಬೆನ್ನು ಇರುವುದೇ ಮರೆತುಹೋಗುತ್ತಿತ್ತು. ಹಸಿವೂ ಮರೆಯುತ್ತಿತ್ತು, ನಿದ್ದೆಯೂ. ಸ್ಟ್ಯಾಂಡಿನಲ್ಲಿ ನನ್ನನ್ನು ‘ನಿದ್ದೆ ಇಲ್ಲದವನು’ ಎಂದೇ ಕರೆಯುತ್ತಿದ್ದರು, ನೀನು ಕೇಳಿದ್ದೀಯ, ನಕ್ಕಿದ್ದೀಯ. ಆಮೇಲೆ ಬೆನ್ನು ನೋಯದಿದ್ದರೂ ಬೇಕಾಯಿತು. ಆ ತಿರುವಿನಲ್ಲಿ ನಾನು ನಿದ್ದೆ ಮಾಡಿರಲಿಲ್ಲ ಮಗಳೇ. ಕಣ್ಣು ತೆರೆದೇ ಇತ್ತು. ರಸ್ತೆ ಮಾತ್ರ ಕಾಣಲಿಲ್ಲ.

ನಿನ್ನನ್ನು ಅಂಗಡಿಗೆ ಕಳಿಸಿದ್ದಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಬರೆಯದೇ ಬಿಡುತ್ತೇನೆ.

ಆಸ್ಪತ್ರೆಯಲ್ಲಿ ಮೂರನೆಯ ದಿನ ನರ್ಸ್ ತಟ್ಟೆ ಹಿಡಿದು ಬಂದಳು. ಅದರಲ್ಲಿ ಏನಿದೆ ಎಂದು ಕಣ್ಣು ನೋಡುವ ಮೊದಲೇ ನನ್ನ ಬಾಯಲ್ಲಿ ನೀರು ಬಂತು. ನಾಯಿಗೆ ಬಂದ ಹಾಗೆ. ಅದೇ ಔಷಧಿ, ಬಿಳಿ ಬಣ್ಣದ್ದು, ಚಿಕ್ಕದು. ನುಂಗಿದೆ. ನುಂಗಿದ ಮೇಲೆ ಬಹಳ ಹೆದರಿಕೆಯಾಯಿತು. ಏನೂ ಕೊಡದಿರುವ ಜಾಗ ಯಾವುದು ಎಂದು ಬಾವಾನನ್ನು ಕೇಳಿದೆ. ಇಲ್ಲಿಗೆ ತಂದ.

ಮೈಯ ಇರುವೆ ಈಗ ಕಡಿಮೆ. ಫಿಟ್ಸ್ ಬರಲಿಲ್ಲ. ಉಳಿದಿರುವುದು ಕಾಲು. ಹನ್ನೊಂದು ವರ್ಷದ ನೋವೆಲ್ಲ ಎಲ್ಲೋ ಕಟ್ಟೆ ಹಾಕಿ ನಿಂತಿದ್ದು ಈಗ ಒಟ್ಟಿಗೆ ಬಂದಂತಿದೆ. ಪಕ್ಕದ ಚಾಪೆಯಲ್ಲಿ ಚಿಮ್ಸಿ ಎನ್ನುವ ಅಜ್ಜಿ ಇದ್ದಾಳೆ, ಶಿಯಾ ಮರದಿಂದ ಬಿದ್ದು ಸೊಂಟ ಮುರಿದುಕೊಂಡವಳು. ನಾನು ನರಳುವುದು ಕೇಳಿ ಕೇಳಿ ಬೇಸತ್ತು, ಒಂದು ಬುಟ್ಟಿ ನೆಲಗಡಲೆಯನ್ನು ನನ್ನ ಮಂಚದ ಮೇಲೆ ಸುರಿಸಿದಳು. "ನೋವು ಬಂದಿರೋದು ಕಾಲಿಗೆ. ಕೈಗೇನು ಬಂದಿದೆ ರೋಗ? ಸುಲಿ." ಸುಲಿಯುತ್ತೇನೆ. ಬೆರಳ ತುದಿ ಒಡೆದಿದೆ. ಒಂದೊಂದು ಕಾಯಿಗೆ ಒಂದು ಉಸಿರು. ಬುಟ್ಟಿ ಮುಗಿದರೆ ಇನ್ನೊಂದು ಸುರಿಯುತ್ತಾಳೆ. ಹೆಚ್ಚಿನ ದಿನ ಹೀಗೆ ಕಳೆಯುತ್ತದೆ.

ಕಳೆಯದಿರುವುದು ಕಟ್ಟು ಬಿಚ್ಚುವ ದಿನ. ನಾಲ್ಕು ದಿನಕ್ಕೊಮ್ಮೆ ಬಿಚ್ಚಿ, ಬಿಸಿನೀರು ಹಾಕಿ, ತಿಕ್ಕಿ ಮತ್ತೆ ಕಟ್ಟುತ್ತಾರೆ. ಆ ದಿನ ಕಡಲೆಯೂ ಇಲ್ಲ, ಉಸಿರೂ ಇಲ್ಲ.

ಎರಡೇ ಎರಡು ಕಳಿಸು ಸನಾಟು. ಕೆಂಪನೆಯದು. ಬರುವ ಎರಡು ಸಲ ಕಟ್ಟು ಬಿಚ್ಚುವ ದಿನಕ್ಕೆ. ಬಾವಾನನ್ನು ಕೇಳಿದೆ. "ನಿನ್ನ ಹೆಣ ಬೇಕಾದ್ರೆ ಹೊರ್ತೀನಿ, ಅದನ್ನ ತರಲ್ಲ" ಅಂದ. ಅವನು ಓದಿಲ್ಲ. ನೀನು ಓದುತ್ತಿರುವವಳು, ಎಷ್ಟರವರೆಗೆ ಸರಿ ಎಂದು ನಿನಗೆ ತಿಳಿಯುತ್ತದೆ.

ಮೇಲಿನ ಸಾಲುಗಳನ್ನು ಹೊಡೆದುಹಾಕಬೇಕು ಅಂದುಕೊಂಡೆ. ಹಾಕಲಿಲ್ಲ.

ಅಪ್ಪ


ಕೇಪ್ ಕೋಸ್ಟ್
೧೫ ನವೆಂಬರ್

ಅಪ್ಪನಿಗೆ,

ಬಾವಾ ಚಿಕ್ಕಪ್ಪನ ಕೈಯಲ್ಲಿ ಒಂದು ಡಬ್ಬಿ ಶಿಟೊ ಕಳಿಸಿದ್ದೇನೆ. ಮೀನು, ಮೆಣಸು ಹಾಕಿ ಆರಬಾಳ ತಾಯಿ ಮಾಡಿದ ಕಪ್ಪು ಚಟ್ನಿ, ಒಳ್ಳೆಯ ಖಾರ ಇದೆ. ಮುದ್ದೆಯ ಜೊತೆ ತಿನ್ನಿ. ಶಾಲೆಯ ಹಾಸ್ಟೆಲಿನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ನಾವು ಏನನ್ನು ಎಲ್ಲಿ ಅಡಗಿಸುತ್ತಿದ್ದೆವು ಎಂದು ನಿಮಗೊಮ್ಮೆ ಹೇಳಿ ನಗಿಸಿದ್ದೆ. ಆ ಎಣ್ಣೆಯಲ್ಲಿ ಯಾರೂ ಕೈ ಅದ್ದುವುದಿಲ್ಲ.

ಡಬ್ಬಿ ತಳ ಮುಟ್ಟುವಷ್ಟರಲ್ಲಿ ನಿಮಗೆ ಅದು ಬೇಕಾಗದೆಯೂ ಇರಬಹುದು. ಹಾಗೇ ಬೇಡಿಕೊಳ್ಳುತ್ತಿದ್ದೇನೆ.

ಇದನ್ನು ಓದಿ ಹರಿದುಹಾಕಿ.

ಸ.


ಕೇಪ್ ಕೋಸ್ಟ್
೨೯ ನವೆಂಬರ್

ಅಪ್ಪ,

ಎರಡು ವಾರ ಆಯಿತು. ಬಾವಾ ಚಿಕ್ಕಪ್ಪ ಎರಡು ಸಲ ಬಂದು ಹೋದರು. ಕಾಗದ ಇಲ್ಲ ಅಂದರು. ಹೇಗಿದ್ದಾರೆ ಎಂದರೆ ಮುಖ ತಿರುಗಿಸಿ ಗೆಣಸು ಇಳಿಸುವವರಿಗೆ ಬೈದರು. ನನ್ನ ಮುಖ ನೋಡಲಿಲ್ಲ.

ಬರೆಯಲು ಆಗದಿದ್ದರೆ ಹಾಳೆಯ ಮೇಲೆ ಒಂದು ಗೀಟು ಎಳೆದು ಕಳಿಸಿ. ಜೀವ ಇದೆ ಎಂದು ತಿಳಿದುಕೊಳ್ಳುತ್ತೇನೆ.

ಸನಾಟು


ಗುಮಯಿಲಿ
೩ ಡಿಸೆಂಬರ್

ಮಗಳೇ,

ಜೀವ ಇದೆ. ಈ ಕಾಗದವನ್ನು ಕೂತು ಓದು.

ಡಬ್ಬಿ ಬಂದ ದಿನ ನಾನು ಮುದ್ದೆಗೆ ಕಾಯಲಿಲ್ಲ. ನೇರ ಕೈ ಹಾಕಿದೆ. ಮಣಿಕಟ್ಟಿನ ಮೇಲಿನ ತನಕ ಕಪ್ಪು ಎಣ್ಣೆ. ಚಿಮ್ಸಿ ಅಜ್ಜಿ ನೋಡಿದಳು, ಕಡಲೆ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

ಕೈಯಲ್ಲಿ ಎರಡು ಬಂದವು. ಬಂದ ಕೂಡಲೇ ಲೆಕ್ಕ ಶುರುವಾಯಿತು. ಎರಡು ಮುಗಿದ ಮೇಲೆ? ಟಮಾಲೆಯ ಲಾರಿ ಸ್ಟ್ಯಾಂಡಿಗೆ ಹೋದರೆ ಬೇಕಾದಷ್ಟು. ನನ್ನನ್ನು ಇಲ್ಲಿ ಹಿಡಿದಿಟ್ಟಿರುವುದು ಏನು? ಕಾಲಲ್ಲ. ಕೋಳಿ. ಅದು ನಡೆಯುವವರೆಗೆ ಅಜ್ಜ ಬಿಡುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ, ಅಜ್ಜ ಕಟ್ಟು ಬಿಚ್ಚಲು ಬರುವ ಮೊದಲು, ಒಂದನ್ನು ನಾನು ನುಂಗಿದೆ. ಇನ್ನೊಂದು ಕ್ಯಾಪ್ಸೂಲಿನ ಎರಡು ಟೊಪ್ಪಿ ಬಿಡಿಸಿ, ಒಳಗಿನ ಪುಡಿಯಲ್ಲಿ ಉಗುರ ತುದಿಯಷ್ಟನ್ನು ಹಿಟ್ಟಿನಲ್ಲಿ ಕಲಸಿ ಕೋಳಿಗೆ ಹಾಕಿದೆ.

ಸ್ವಲ್ಪ ಹೊತ್ತು ಅದು ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಆಮೇಲೆ ಎದ್ದಿತು. ದಬ್ಬೆ ಕಟ್ಟಿದ ಕಾಲನ್ನು ಊರಿ, ಕುಂಟದೆ, ಒರಳಿನವರೆಗೆ ಹೋಗಿ ತಿರುಗಿ ಬಂತು. ಅಜ್ಜ ಹೆಂಡಿರು ಮಕ್ಕಳನ್ನೆಲ್ಲ ಕರೆದು ತೋರಿಸಿದ. ಅವನ ಕಾಲದಲ್ಲಿ ಮೂವತ್ತೈದನೇ ದಿನಕ್ಕೆ ನಡೆದ ಕೋಳಿ ಇಲ್ಲವಂತೆ. ಅದರ ದಬ್ಬೆ ಬಿಚ್ಚಿದ, ನನ್ನದೂ ಬಿಚ್ಚಿದ. ನಾನು ಎದ್ದು ನಿಂತೆ. ನೋವಿಲ್ಲ. ನಡೆದೆ. ಮಲಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಚಿಮ್ಸಿ ಅಜ್ಜಿ ಒಬ್ಬಳು ನನ್ನನ್ನು ನೋಡುತ್ತಿರಲಿಲ್ಲ, ಕೋಳಿಯನ್ನು ನೋಡುತ್ತಿದ್ದಳು.

ಮಧ್ಯಾಹ್ನ ನಾನು ಅಂಗಿ ತೊಟ್ಟು, ಕೋಲು ಹಿಡಿದು, ಟಮಾಲೆ ಗಾಡಿಗಾಗಿ ರಸ್ತೆಬದಿಯ ಬೇವಿನ ಕೆಳಗೆ ಕೂತಿದ್ದೆ. ಕೋಳಿಯೂ ಅಲ್ಲೇ ಹಿಂದೆ ಮುಂದೆ ಕಾಳು ಹೆಕ್ಕುತ್ತಿತ್ತು. ಏನೋ ಸರಿ ಇಲ್ಲ ಅನ್ನಿಸಿ ಬಗ್ಗಿ ನೋಡಿದೆ. ಅದರ ಕಾಲು ನೆನೆದ ದಂಟಿನಂತೆ ಹಿಂದಕ್ಕೆ ಮಡಚಿಕೊಂಡಿತ್ತು. ಮೂಳೆಯ ಮೊನೆ ಚರ್ಮ ಸೀಳಿ ಹೊರಗೆ ಬಂದು ನೆಲಕ್ಕೆ ತಾಗುತ್ತಿತ್ತು. ಅದು ಆ ಮೊನೆಯ ಮೇಲೇ ನಡೆಯುತ್ತಿತ್ತು ಸನಾಟು. ನಡೆದು ನಡೆದು ಕಾಳು ಹೆಕ್ಕುತ್ತಿತ್ತು. ಒಮ್ಮೆಯೂ ಕೂಗಲಿಲ್ಲ.

ಪ್ಯಾಂಟು ಎತ್ತಿ ನನ್ನ ಕಾಲು ನೋಡಿಕೊಂಡೆ. ಬಿಲ್ಲಿನಂತೆ ಬಾಗಿತ್ತು. ನನಗೂ ಏನೂ ಅನ್ನಿಸುತ್ತಿರಲಿಲ್ಲ. ಗಾಡಿ ಬಂತು, ನಿಂತಿತು, ಹತ್ತೋ ಅಂದರು. ಹತ್ತಲಿಲ್ಲ.

ಅಜ್ಜನಿಗೆ ಎಲ್ಲ ಹೇಳಿದೆ. ಅವನು ಕೂಗಾಡಲಿಲ್ಲ. ಕೋಳಿಯನ್ನು ಎತ್ತಿಕೊಂಡು ಬಹಳ ಹೊತ್ತು ಅದರ ಕಾಲು ಸವರಿದ. "ಮನುಷ್ಯ ಸುಳ್ಳು ಹೇಳ್ತಾನೆ, ಕೋಳಿಗೆ ಹೇಳೋಕೆ ಬರಲ್ಲ ಅಂತ ನಮ್ಮ ಹಿರಿಯರು ಈ ಪದ್ಧತಿ ಇಟ್ರು. ನೀನು ಅದಕ್ಕೂ ಕಲಿಸಿದೆಯಲ್ಲೋ ಇಮೋರು" ಅಂದ. ಕೋಳಿಯನ್ನು ಕೊಯ್ದು ಹೂಳಿದರು. ಯಾರೂ ತಿನ್ನಲಿಲ್ಲ. ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಸ್ಟ್ಯಾಂಡಿನವನು ಯಾರೋ ಅಂದೆ. ಬಾವಾನಿಗೆ ಮಾತ್ರ ಗೊತ್ತಾಗಿದೆ, ಡಬ್ಬಿ ತಂದವನು ಅವನೇ ತಾನೆ.

ಮೂಳೆ ಸೊಟ್ಟಗೆ ಕೂಡುತ್ತಿದೆ. ಮತ್ತೆ ಮುರಿದು ಕಟ್ಟಬೇಕು. ಆದರೆ ನನ್ನ ಕೋಳಿಯನ್ನು ಅಜ್ಜ ಇನ್ನು ನಂಬುವುದಿಲ್ಲ. ರಕ್ತಸಂಬಂಧಿಯೊಬ್ಬರು ತಮ್ಮ ಕೈಯಲ್ಲಿ ತರಬೇಕು, ಮುರಿಯುವಾಗ ನನ್ನನ್ನೂ ಕೋಳಿಯನ್ನೂ ಅವರೇ ಹಿಡಿಯಬೇಕು ಎಂದಿದ್ದಾನೆ. ಬಾವಾ ನೀನು ಚಿಕ್ಕಪ್ಪ ಎಂದು ಕರೆಯುವ ನನ್ನ ಗೆಳೆಯ, ರಕ್ತಸಂಬಂಧಿಯಲ್ಲ; ಜೆನಾಬು ರಕ್ತ ನೋಡಿದರೆ ಬೀಳುತ್ತಾಳೆ. ನೀನು ಬಾ ಎಂದು ನಾನು ಬರೆಯುವುದಿಲ್ಲ. ಪರೀಕ್ಷೆ ಬರೆ.

ಒಂದು ಮಾತು ಮಾತ್ರ. ಆ ಅಂಗಡಿಗಳಲ್ಲಿ ಬಿಡಿಯಾಗಿ ಕೊಡುವುದಿಲ್ಲ. ಶೀಟಿನಲ್ಲಿ ಹತ್ತು ಇರುತ್ತವೆ. ನೀನು ಕಳಿಸಿದ್ದು ಎರಡು. ಉಳಿದ ಎಂಟು ಎಲ್ಲಿವೆ?

ಇಮೋರು


ಕೇಪ್ ಕೋಸ್ಟ್
೯ ಡಿಸೆಂಬರ್

ಅಪ್ಪನಿಗೆ,

ಎಂಟು ಅಲ್ಲ. ಏಳು.

ಅಂಗರಚನೆಯ ಟೆಸ್ಟಿನ ದಿನ ಬೆಳಿಗ್ಗೆ ನನ್ನ ಕೈ ನಡುಗುತ್ತಿತ್ತು. ನನಗೆ ಟೆನ್ಷನ್ ಆದರೆ ಹೇಗಾಗುತ್ತದೆ ನಿಮಗೆ ಗೊತ್ತು, ಪೆನ್ನು ಹಿಡಿಯಲು ಆಗುವುದಿಲ್ಲ. ನಿಮ್ಮ ಕಾಗದ ಬೇರೆ ಬಂದಿರಲಿಲ್ಲ. ಶೀಟು ಶೂಸಿನೊಳಗಿತ್ತು. ಒಂದು ತಾನೆ ಅಂದುಕೊಂಡೆ.

ನಡುಕ ನಿಂತಿತು ಅಪ್ಪ. ಆಮೇಲೆ ವಾಂತಿಯಾಯಿತು, ಅದು ಬೇರೆ. ಆದರೆ ಅದಕ್ಕೆ ಮುಂಚೆ ಒಂದು ಗಂಟೆ ಹೊತ್ತು ನನಗೆ ನಿಮ್ಮ ಯೋಚನೆಯೂ ಇರಲಿಲ್ಲ, ಟೆಸ್ಟಿನ ಯೋಚನೆಯೂ ಇರಲಿಲ್ಲ. ಹಾಯಾಗಿತ್ತು. ನನಗೆ ಹೆದರಿಕೆ ಆಗುತ್ತಿರುವುದು ಅದಕ್ಕೇ. ಅದು ನನಗೆ ಹಿಡಿಸಿತು.

ಉಳಿದ ಏಳನ್ನು ಎಸೆಯಲು ಮೂರು ಸಲ ಬಾತ್‌ರೂಮಿಗೆ ಹೋಗಿ ಮೂರು ಸಲ ವಾಪಸ್ ತಂದಿದ್ದೇನೆ. ನಿಮ್ಮ ಕಾಲು ಮುರಿಯುವ ದಿನಕ್ಕೆ ಬೇಕಾಗಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಪರೀಕ್ಷೆ ಹದಿನೈದಕ್ಕೆ ಮುಗಿಯುತ್ತದೆ. ಬಾವಾ ಚಿಕ್ಕಪ್ಪನ ಖಾಲಿ ಲಾರಿಯಲ್ಲಿ ಬರುತ್ತೇನೆ. ದಾರಿಯಲ್ಲಿ ಕೋಳಿ ಕೊಳ್ಳುತ್ತೇನೆ.

ಸನಾಟು


ಕೇಪ್ ಕೋಸ್ಟ್
೧೪ ಜನವರಿ ೨೦೧೮

ಅಪ್ಪನಿಗೆ,

ನಿದ್ದೆ ಆಯಿತಾ?

ಸೆಮಿಸ್ಟರ್ ಶುರುವಾಗಿದೆ. ಇಲ್ಲೂ ಧೂಳುಗಾಳಿ, ಸಮುದ್ರವೇ ಕಾಣುತ್ತಿಲ್ಲ. ಮೂರು ವಾರ ನಿಮ್ಮ ಮಂಚದ ಪಕ್ಕ ಇದ್ದೆ, ಇಬ್ಬರೂ ಕಡಲೆ ಸುಲಿದೆವು, ಅವತ್ತಿನ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಎದುರಿಗೆ ಆಗದ್ದನ್ನು ಬರೆಯುತ್ತಿದ್ದೇನೆ.

ಹದಿನೆಂಟನೇ ತಾರೀಕು ಅಜ್ಜ ಬಿಸಿನೀರು ತರಲು ಹೇಳಿ, ಆ ನಾಲ್ಕು ಜನ ಬಂದು ನಿಂತಾಗ, ನೀವು ನನ್ನ ಕಡೆ ಕೈ ಚಾಚಿ "ಕೊಡು" ಅಂದಿರಿ. ಏನು ಎಂದು ಕೇಳುವ ಹಾಗಿರಲಿಲ್ಲ. ಕಾಲುಚೀಲದಿಂದ ತೆಗೆದು ಕೊಟ್ಟೆ. ನೀವು ಶೀಟು ಹಿಂಡಿ ಏಳನ್ನೂ ಅಂಗೈ ಮೇಲೆ ಉದುರಿಸಿಕೊಂಡಿರಿ. ನಿಮ್ಮ ಗಂಟಲು ಒಂದು ಸಲ ನುಂಗಿದ್ದನ್ನು ನಾನು ನೋಡಿದೆ, ಬಾಯಲ್ಲಿ ಏನೂ ಇರಲಿಲ್ಲ. ನುಂಗಿಬಿಡಿ ಅಪ್ಪ ಎಂದು ನಾನು ಮನಸ್ಸಿನಲ್ಲಿ ಹೇಳುತ್ತಿದ್ದೆ. ಇದನ್ನು ನಿಮಗೆ ತಿಳಿಸಬೇಕು ಅನ್ನಿಸಿತು. ನಾನು ತಡೆಯುವವಳಾಗಿರಲಿಲ್ಲ. ನೀವು ಕೂಗುವುದನ್ನು ಕೇಳುವುದಕ್ಕಿಂತ ಅದೇ ವಾಸಿ ಎಂದು ನಿಂತಿದ್ದೆ.

ಚಿಮ್ಸಿ ಅಜ್ಜಿ ಒಲೆಯ ಪಕ್ಕಕ್ಕೆ ಎಳೆಸಿಕೊಂಡಿದ್ದ ಚಾಪೆಯಿಂದ "ಅಳೆದಿದ್ದು ಸಾಕು, ಈ ಕಡೆ ತಾ" ಅಂದಳು. ನೀವು ಕೊಟ್ಟಿರಿ. ಅವಳು ಒಲೆಗೆ ಹಾಕಿದಳು. ಅದರ ವಾಸನೆ ನನ್ನ ತಲೆಬಟ್ಟೆಯಲ್ಲಿ ಇನ್ನೂ ಇದೆ.

ಆಮೇಲೆ ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ನೀವು ಕೂಗಿದ್ದನ್ನು ನಾನು ಬರೆಯುವುದಿಲ್ಲ. ನೀವು ನನ್ನ ಹೆಸರು ಕೂಗಲಿಲ್ಲ, ಅಮ್ಮನ ಹೆಸರು ಕೂಗಿದಿರಿ. ಕೋಳಿಯ ಸರದಿ ಬಂದಾಗ ನನ್ನ ಕೈಯೊಳಗೆ ಅದರ ಎದೆ ಎಷ್ಟು ಬೇಗ ಹೊಡೆದುಕೊಳ್ಳುತ್ತಿತ್ತು ಎಂದರೆ ಎಣಿಸಲು ಆಗಲಿಲ್ಲ. ನಾಡಿ ಎಣಿಸುವುದೊಂದೇ ನಾನು ಕಲಿತಿರುವ ವಿದ್ಯೆ.

ಮೇಡಂಗೆ ಈ ಸಲ ‘ನಮ್ಮ ಊರಿನ ಒಬ್ಬರು’ ಎಂದು ಹೇಳಲಿಲ್ಲ. ನಾನು ಅಂತಲೇ ಹೇಳಿದೆ. ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ನಾಳೆ ಟೆಸ್ಟ್ ಇದೆ. ಕೈ ನಡುಗುತ್ತಿದೆ, ನೀವೇ ನೋಡಿ ಅಕ್ಷರ. ನಡುಗುವ ಕೈಯಲ್ಲೇ ಬರೆಯುತ್ತೇನೆ.

ನಿಮ್ಮ ಮಗಳು,
ಸನಾಟು


ಗುಮಯಿಲಿ
೧೧ ಫೆಬ್ರವರಿ

ಮಗಳೇ ಸನಾಟು,

ನಾ. ಮೂರು ಗಂಟೆ ನಿದ್ದೆ. ಬೆಳಗಿನ ಪ್ರಾರ್ಥನೆಯ ಕೂಗಿಗೆ ಎಚ್ಚರವಾಯಿತು.

ಹಿಂದಿನದನ್ನು ಬರೆದೆಯಲ್ಲ, ಒಳ್ಳೆಯದು. ನುಂಗಲಿ ಎಂದು ನೀನು ಬೇಡಿಕೊಂಡದ್ದು ನನಗೆ ಅವತ್ತೇ ಗೊತ್ತಿತ್ತು, ನಿನ್ನ ಮುಖ ನನ್ನ ಎದುರಿಗೇ ಇತ್ತು. ಏಳು ಎಂದು ಬರೆಯದೇ ಎಂಟು ಎಂದು ಬರೆದಿದ್ದರೆ ನುಂಗಿರುತ್ತಿದ್ದೆ. ಇಷ್ಟೇ, ಇದರ ಮೇಲೆ ನನ್ನನ್ನು ಏನೂ ಕೇಳಬೇಡ.

ಈ ಕಾಲು ಎರಡು ಬೆರಳು ಗಿಡ್ಡವಾಗಿಯೇ ಇರುತ್ತದೆ ಎಂದು ಅಜ್ಜ ಹೇಳಿದ್ದಾನೆ. ಕ್ಲಚ್ ಒತ್ತುವ ಕಾಲು ಅದು. ಮುಂದೇನು ಎಂದು ಬಾವಾ ಕೇಳಿದ, ನಾನು ಕಡಲೆ ಬುಟ್ಟಿ ತೋರಿಸಿದೆ, ಅವನು ನಗಲಿಲ್ಲ. ಚಿಮ್ಸಿ ಅಜ್ಜಿ ಕಳೆದ ಶುಕ್ರವಾರ ಅವಳ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದಳು. ಹೋಗುವಾಗ "ಬುಟ್ಟಿ ವಾಪಸ್ ಕೊಡೋಕಾದ್ರೂ ನನ್ನ ಮನೆಗೆ ನಡ್ಕೊಂಡು ಬರಬೇಕು ನೀನು" ಅಂದಳು. ಅವಳ ಜಾಗದಲ್ಲಿ ಒಬ್ಬ ಮೋಟರ್‌ಸೈಕಲ್ ಹುಡುಗ ಬಂದಿದ್ದಾನೆ. ಬೆವರುತ್ತಾನೆ, ಆಕಳಿಸುತ್ತಾನೆ, ಮಲೇರಿಯಾ ಅನ್ನುತ್ತಾನೆ. ಅವನ ಮುಂದೆ ಬುಟ್ಟಿ ಇಟ್ಟಿದ್ದೇನೆ. ಇನ್ನೂ ಮುಟ್ಟಿಲ್ಲ.

ನೋವು ಇದೆ. ಬೆಳಿಗ್ಗೆ ಹೆಚ್ಚು. ಕೆಂಪು ಬಣ್ಣದ್ದು ಏನು ಕಂಡರೂ ಇವತ್ತಿಗೂ ಬಾಯಲ್ಲಿ ನೀರು ಬರುತ್ತದೆ, ಹುಡುಗಿಯರ ತಲೆಬಟ್ಟೆ ಕಂಡರೂ. ಅದು ಹೋಗುತ್ತದೆ ಎಂದು ನಿನಗೆ ಬರೆಯಲಾರೆ.

ಇವತ್ತು ಐವತ್ತಾರನೇ ದಿನ. ನೀನು ತಂದ ಕರಿ ಕೋಳಿಗೆ ಹಿಟ್ಟನ್ನು ಅಜ್ಜನೇ ಹಾಕುತ್ತಾನೆ, ನನ್ನ ಕೈಯಿಂದ ಕಾಳೂ ತಿನ್ನಲು ಬಿಡುವುದಿಲ್ಲ. ಬೆಳಿಗ್ಗೆ ಅದು ಎದ್ದು ನಿಂತಿತು. ಬಹಳ ಹೊತ್ತು ಒಂಟಿ ಕಾಲಲ್ಲೇ ಇತ್ತು. ಆಮೇಲೆ ಮೆಲ್ಲಗೆ ಕಟ್ಟಿದ ಕಾಲನ್ನು ಇಳಿಸಿ ನೆಲಕ್ಕೆ ಮುಟ್ಟಿಸಿತು. ಮುಟ್ಟಿಸಿದ ಕೂಡಲೇ ಕೂಗಿಕೊಂಡಿತು, ಕಾಲು ಎತ್ತಿಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಳಿಸಿತು, ಮತ್ತೆ ಕೂಗಿತು.

ಅಜ್ಜ ನನ್ನ ಕಡೆ ನೋಡಿದ. ಇನ್ನೂ ನಾಲ್ಕು ದಿನ ಹೋಗಲಿ ಅಂದೆ. ಅದು ಕೂಗುವುದನ್ನು ಕೇಳುತ್ತಾ ಮಲಗಿದ್ದೇನೆ.

ನಿನ್ನ ಅಪ್ಪ,
ಇಮೋರು